ಗೋಣಿಚೀಲದ ಧರ್ಮ

ಕಳೆದ ಯುಗಾದಿಯಂದು ಸಂಘದಲ್ಲಿ ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುತ್ತ ನಾಲ್ಕಾರು ಮಂದಿ ಕುಳಿತಿದ್ದೆವು. ಮಾತು ದೆಹಲಿಯ ಬಿಸಿಲು, ತರಕಾರಿ ಬೆಲೆ, ಮಕ್ಕಳ ಕೋಚಿಂಗು ಎಲ್ಲವನ್ನೂ ಸುತ್ತಿ ಕೊನೆಗೆ ಬೆಕ್ಕಿನ ಮೇಲೆ ಬಂದು ನಿಂತಿತು. ಹಿರಿಯ ಮಿತ್ರರೊಬ್ಬರು (ಹೆಸರು ಬೇಡ, ಅವರೂ ಈ ಪತ್ರಿಕೆಯ ಚಂದಾದಾರರೇ) ತಾಂಬೂಲದ ರಸವನ್ನು ಒಂದು ಕೆನ್ನೆಗೆ ಸರಿಸಿ, "ಅದೇನು ಮಹಾ ಕೆಲಸ ರೀ! ನಮ್ಮ ಮನೇಲಿ ಮೂರು ಮರಿ ಹಾಕಿತ್ತು. ತಾಯಿ, ಮರಿ ಎಲ್ಲ ಒಂದು ಗೋಣಿಚೀಲಕ್ಕೆ ತುಂಬಿದೆ. ಆಟೋದಲ್ಲಿ ಯಮುನೆ ಆಚೆ ದಡಕ್ಕೆ ಹೋಗಿ, ಚೀಲದ ಬಾಯಿ ಬಿಚ್ಚಿ ಬಿಟ್ಟು ಬಂದೆ. ಕೊಂದರೆ ಪಾಪ ಅಲ್ವೇ?" ಎಂದರು. ಎಲ್ಲರೂ ನಕ್ಕರು. ನಗಲೆಂದು ನನ್ನ ಬಾಯಿಯೂ ಅರ್ಧ ತೆರೆದಿತ್ತು.

ಅಲ್ಲಿ ನಾನು ಏನೂ ಹೇಳಲಿಲ್ಲ. ಹಬ್ಬದ ದಿನ ಜಗಳವೇಕೆಂಬ ಸಂಕೋಚ ಒಂದು ಕಾರಣ. ಇನ್ನೊಂದು ಕಾರಣವನ್ನು ಈ ಲೇಖನದ ನಡುವೆ ಒಪ್ಪಿಕೊಳ್ಳುತ್ತೇನೆ. ಆದರೆ ಮನೆಗೆ ಬಂದ ಮೇಲೂ ಆ ಮಿತ್ರರ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಕೊಂದರೆ ಪಾಪ, ಬಿಟ್ಟು ಬಂದರೆ ಪಾಪವಲ್ಲ! ಇದು ಯಾವ ಶಾಸ್ತ್ರದ ಧರ್ಮ? ನಾನು ಇದಕ್ಕೆ ಗೋಣಿಚೀಲದ ಧರ್ಮ ಎಂದು ಹೆಸರಿಟ್ಟಿದ್ದೇನೆ. ನಮ್ಮಲ್ಲಿ ಇದರ ಅನುಯಾಯಿಗಳು ಬಹಳ ಮಂದಿ ಇದ್ದಾರೆ ಎಂಬುದೇ ನನ್ನ ತಕರಾರು.

ನಾನು ಕೇಂದ್ರ ಸರ್ಕಾರದ ಸಾಧಾರಣ ಯು.ಡಿ.ಸಿ. ಬಿ.ಎಸ್‌ಸಿ. ಓದಿದ್ದೇನೆ, ಆದರೆ ಪಶುವೈದ್ಯನಲ್ಲ. ಪ್ರಾಣಿದಯಾ ಸಂಘಗಳ ಸದಸ್ಯನೂ ಅಲ್ಲ. ನನಗಿರುವ ಅರ್ಹತೆ ಎಂದರೆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಹೆಂಡತಿ, ಮಗಳು, ಎರಡು ಬೆಕ್ಕುಗಳೊಡನೆ ವರ್ಷಗಟ್ಟಲೆ ಬಾಳಿರುವುದು. ಜೊತೆಗೆ, ಒಂದು ದೊಡ್ಡ ತಪ್ಪು ಮಾಡಿರುವುದು.

ಮೊದಲು ಪಾಪದ ಲೆಕ್ಕವನ್ನೇ ನೋಡೋಣ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಈ ಉತ್ತರದ ಸೀಮೆಯಲ್ಲೂ ಅದೇ ನಂಬಿಕೆ ಇದೆ. ಹಿಂದಿನವರು ಆ ಪ್ರಾಯಶ್ಚಿತ್ತವನ್ನು ಇಷ್ಟು ದುಬಾರಿ ಮಾಡಿದ್ದು, ಬೆಕ್ಕಿನ ಜೀವ ಅಗ್ಗವೆಂದು ಯಾರೂ ತಿಳಿಯದಿರಲಿ ಎಂದೇ ಇರಬೇಕು. ನಾವು ಬುದ್ಧಿವಂತರು. ಚಿನ್ನದ ಬೆಲೆ ಕೇಳಿ ಗಾಬರಿಯಾಗಿ ಒಂದು ಸುಲಭೋಪಾಯ ಕಂಡುಹಿಡಿದೆವು. ಕೊಲ್ಲುವ ಕೆಲಸವನ್ನು ಹಸಿವಿಗೂ ಬೀದಿನಾಯಿಗೂ ಲಾರಿಯ ಗಾಲಿಗೂ ಒಪ್ಪಿಸಿಬಿಟ್ಟೆವು. ಸಹಿ ಮಾತ್ರ ನಮ್ಮದಲ್ಲ. ಕಚೇರಿಯಲ್ಲಿ ಇದಕ್ಕೆ ಫೈಲನ್ನು ಮುಂದಿನ ಮೇಜಿಗೆ ತಳ್ಳುವುದು ಎನ್ನುತ್ತೇವೆ. ಚಿತ್ರಗುಪ್ತನೂ ಗುಮಾಸ್ತನೇ ಅಲ್ಲವೇ? ಫೈಲು ಮೊದಲು ಯಾರ ಮೇಜಿನಿಂದ ಹೊರಟಿತು ಎಂಬುದು ಅವನಿಗೆ ತಿಳಿಯದೆಂದು ಯಾರಾದರೂ ಭಾವಿಸಿದ್ದರೆ ಅವರಿಗೆ ಸೆಕ್ಷನ್ ಕೆಲಸ ಗೊತ್ತಿಲ್ಲ.

ಪಾಪ ಪುಣ್ಯ ಬಿಡಿ, ಕಾನೂನಿಗೆ ಬನ್ನಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಹಸಿವಿನಿಂದಲೋ ಬಾಯಾರಿಕೆಯಿಂದಲೋ ನರಳುವ ಸಂಭವವಿರುವಂತೆ ಒಂದು ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಅಪರಾಧ. ಅಂದರೆ ಯುಗಾದಿಯ ದಿನ ನಾವೆಲ್ಲ ನಕ್ಕಿದ್ದು ಒಂದು ಅಪರಾಧದ ತಪ್ಪೊಪ್ಪಿಗೆಯನ್ನು ಕೇಳಿ. ಮೊದಲ ಸಲದ ಅಪರಾಧಕ್ಕೆ ದಂಡವೆಷ್ಟು ಗೊತ್ತೇ? 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿಗೆ ಮೀರದಂತೆ. ನಮ್ಮ ಮಿತ್ರರು ಯಮುನೆಯ ಆಚೆ ದಡಕ್ಕೆ ಕೊಟ್ಟ ಆಟೋ ಬಾಡಿಗೆಯೇ ಅದಕ್ಕಿಂತ ಹೆಚ್ಚು! 1960ರಲ್ಲಿ 50 ರೂಪಾಯಿ ಎಂದರೆ ಗುಮಾಸ್ತನಿಗೆ ಎದೆ ಝಲ್ಲೆನ್ನುವ ಮೊತ್ತ. ಈಗ ಅದು ಸಮೋಸಾ ಚಹಾದ ಹಣ. ಸಂವಿಧಾನದ 51-ಎ ವಿಧಿಯಲ್ಲಿ ಜೀವಿಗಳ ಮೇಲೆ ಕರುಣೆ ಇಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರ 42ನೆಯ ತಿದ್ದುಪಡಿ ಸೇರಿಸಿತು. ಅದಕ್ಕೆ ದಂಡವೇ ಇಲ್ಲ. ಹೀಗಾಗಿ ಕಾನೂನಿಗೆ ಹೆದರಿ ನಾವು ಒಳ್ಳೆಯವರಾಗುವ ಸಂಭವ ಕಡಿಮೆ. ನಾಚಿಕೆಯಿಂದಲೇ ಆಗಬೇಕು.

ನಾಚಿಕೆಯ ಮಾತು ಬಂದದ್ದರಿಂದ ನನ್ನ ಕಥೆ ಹೇಳಿಬಿಡುತ್ತೇನೆ.

ದಕ್ಷಿಣ ದೆಹಲಿಯ ಸರ್ಕಾರಿ ಕಾಲೋನಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾಗಿ ಏಳು ಕಾಲೋನಿಗಳು. ನಾವಿದ್ದದ್ದು ಆ ಏಳರಲ್ಲಿ ಒಂದರಲ್ಲಿ, ನೆಲಮಹಡಿಯ ಹಳೆಯ ಕ್ವಾರ್ಟರ್ಸಿನಲ್ಲಿ. ಹಿಂದುಗಡೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ. ಒಂದು ಗೌರಿ ಹಬ್ಬದ ದಿನ ಆ ಮರದ ಕೆಳಗೆ ಒಂದು ಬೂದು ಪಟ್ಟೆಯ ಹೆಣ್ಣು ಬೆಕ್ಕು ಬಂದು ಕೂತಿತು. ಮಗಳು ಅದಕ್ಕೆ ಗೌರಿ ಎಂದೇ ಹೆಸರಿಟ್ಟಳು. ನಾಲ್ಕು ವರ್ಷ ನಮ್ಮಲ್ಲಿತ್ತು. ಸಂಜೆ ಆರೂಕಾಲಿಗೆ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ನನ್ನನ್ನು ಕಾಯುತ್ತಿದೆ ಎಂದು ನಾನು ತಿಳಿದಿರಲಿಲ್ಲ. ಮೆಟ್ಟಿಲು ಬೆಚ್ಚಗಿದೆ, ಅದಕ್ಕೆ ಕೂತಿದೆ ಎಂದುಕೊಂಡಿದ್ದೆ.

2018ರಲ್ಲಿ ಮನೆ ಖಾಲಿ ಮಾಡುವ ಸರದಿ ನಮಗೂ ಬಂತು. ಸಿಕ್ಕಿದ ಹೊಸ ಮನೆ ಮೂರನೆಯ ಮಹಡಿಯಲ್ಲಿ. ಟೆಂಪೋ ತಂದೆವು. ಅದರಲ್ಲಿ ಕಾಲು ಮುರಿದ ಕುರ್ಚಿ ಹೋಯಿತು, ತುಕ್ಕು ಹಿಡಿದ ಕೂಲರ್ ಹೋಯಿತು, ಹಳೆಯ ಪಂಚಾಂಗಗಳ ಕಟ್ಟು ಹೋಯಿತು. ಗೌರಿ ಹೋಗಲಿಲ್ಲ. "ಬೆಕ್ಕು ಮನೆಗೆ ಅಂಟಿಕೊಂಡದ್ದು, ಮನುಷ್ಯರಿಗಲ್ಲ. ಮಹಡಿ ಮನೆಗೆ ಒಗ್ಗುವುದಿಲ್ಲ. ಇಲ್ಲೇ ಇಲಿ ಹಿಡಿದುಕೊಂಡು ಸುಖವಾಗಿರುತ್ತೆ" ಎಂದು ನಾನೇ ತೀರ್ಪು ಕೊಟ್ಟೆ. ಮೂರನೆಯ ತರಗತಿಯಲ್ಲಿದ್ದ ಮಗಳು ಟೆಂಪೋದ ಹಿಂದೆ ನೋಡುತ್ತಲೇ ಇದ್ದಳು. ನನ್ನ ಶ್ರೀಮತಿ ಏನೂ ಮಾತಾಡಲಿಲ್ಲ. ಮಾತಾಡದಿರುವುದೇ ಅವಳ ಮಾತು ಎಂದು ತಿಳಿಯುವಷ್ಟು ವರ್ಷ ಸಂಸಾರ ಮಾಡಿದ್ದರೂ ನಾನು ತಿಳಿಯದವನಂತೆ ಇದ್ದೆ.

ಸುಮಾರು ಒಂದು ತಿಂಗಳ ನಂತರ ನೀರಿನ ಬಿಲ್ಲಿನ ಕಾಗದವೊಂದಕ್ಕಾಗಿ ಅತ್ತ ಹೋದೆ. ನಮ್ಮ ಸಾಲಿನ ಮನೆಗಳ ಬಾಗಿಲು ಕಿಟಕಿಗಳನ್ನು ಕಿತ್ತಿದ್ದರು. ಎಲ್ಲ ಕುಟುಂಬಗಳೂ ಖಾಲಿ ಮಾಡಿದ್ದವು. ಮನುಷ್ಯರಿಲ್ಲದ ಕಡೆ ಅಡುಗೆಯಿಲ್ಲ, ಕಸವಿಲ್ಲ. ಕಸವಿಲ್ಲದ ಕಡೆ ನಾನು ಭರವಸೆ ಕೊಟ್ಟಿದ್ದ ಇಲಿಯೂ ಇಲ್ಲ. ಬಿ.ಎಸ್‌ಸಿ. ಓದಿದವನಿಗೆ ಇಷ್ಟು ಸಣ್ಣ ಆಹಾರ ಸರಪಳಿ ಹೊಳೆಯಲಿಲ್ಲ. ಅಲ್ಲಿದ್ದ ಮುದಿ ಚೌಕೀದಾರನನ್ನು ಕೇಳಿದೆ. ಬೂದು ಬೆಕ್ಕೊಂದು ಸುಮಾರು ಹತ್ತು ಹದಿನೈದು ದಿನ ಪ್ರತಿ ಸಂಜೆ ಆ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು, ಕತ್ತಲಾದ ಮೇಲೆ ಹೋಗುತ್ತಿತ್ತು, ಆಮೇಲೆ ಕಾಣಲಿಲ್ಲ ಎಂದ. ಮನೆಗೆ ಬಂದು ಮಗಳಿಗೆ, "ಗೌರಿ ಮಾರ್ಕೆಟ್ಟಿನ ಮೀನಂಗಡಿ ಹತ್ತಿರ ಸುಖವಾಗಿದೆ, ದಪ್ಪ ಆಗಿದೆ" ಎಂದು ಹೇಳಿದೆ. ಅವಳೀಗ ಕಾಲೇಜಿನ ಹೊಸ್ತಿಲಲ್ಲಿದ್ದಾಳೆ. ಈ ಲೇಖನದ ಕರಡನ್ನು ಮೊದಲು ಓದಿದವಳು ಅವಳೇ. "ನನಗೆ ಆವತ್ತೇ ಗೊತ್ತಾಗಿತ್ತು ಅಪ್ಪ" ಎಂದಳು.

ಯುಗಾದಿಯಂದು ನಾನು ಸುಮ್ಮನಿದ್ದುದಕ್ಕೆ ಎರಡನೆಯ ಕಾರಣ ಇದೇ. ನನ್ನ ಕೈಯಲ್ಲಿ ಗೋಣಿಚೀಲವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ, "ಬೆಕ್ಕು ಮನೆಗೆ ಅಂಟಿದ್ದು, ಮನುಷ್ಯರಿಗಲ್ಲ" ಎಂಬ ಆ ಹಳೆಯ ಮಾತನ್ನು ಪರೀಕ್ಷಿಸೋಣ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತ ಕೋಣೆಯಲ್ಲಿ ಬೆಕ್ಕಿನ ಮರಿಯನ್ನು ಸಾಕಿದವರೊಡನೆ ಸ್ವಲ್ಪ ಹೊತ್ತು ಇರಿಸಿ, ಆಮೇಲೆ ಒಂಟಿಯಾಗಿ ಬಿಟ್ಟು, ಸಾಕಿದವರು ಮರಳಿ ಬಂದಾಗ ಅದು ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರು. ಎಳೆಯ ಮಕ್ಕಳ ಮೇಲೆ ಮಾಡುವ ಪರೀಕ್ಷೆಯ ಮಾದರಿಯೇ ಇದು. ನೂರಕ್ಕೆ ಸುಮಾರು 64 ಮರಿಗಳು ಸಾಕಿದವರನ್ನು ಕಂಡೊಡನೆ ಸಮಾಧಾನಗೊಂಡು, ಧೈರ್ಯದಿಂದ ಕೋಣೆ ನೋಡತೊಡಗಿದವು. ಮನುಷ್ಯ ಶಿಶುಗಳಲ್ಲೂ ಈ ಪ್ರಮಾಣ ಹೆಚ್ಚು ಕಡಿಮೆ ಇಷ್ಟೇ. ಗಮನಿಸಿ, ಕೋಣೆ ಅಪರಿಚಿತ, ಮನುಷ್ಯರು ಪರಿಚಿತರು. ಬೆಕ್ಕಿಗೆ ಧೈರ್ಯ ಕೊಟ್ಟದ್ದು ಗೋಡೆಯಲ್ಲ. ಅದೇ ವರ್ಷ ಜಪಾನಿನ ಸಂಶೋಧಕರು, ಮನೆಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಬೇರೆಯಾಗಿ ಗುರುತಿಸುತ್ತದೆ ಎಂದು ತೋರಿಸಿದರು. ಕರೆದಾಗ ಬಾರದಿರುವುದು ಬೇರೆ ವಿಷಯ. ನಮ್ಮ ಸೆಕ್ಷನ್ನಿನಲ್ಲೂ ಕರೆದಾಗ ಎಲ್ಲರೂ ಬರುವುದಿಲ್ಲ.

ಬೆಕ್ಕಿಗೆ ತನ್ನ ಜಾಗದ ಮೇಲೆ ಮಮತೆಯಿರುವುದು ನಿಜ. ಹೊಸ ಮನೆಗೆ ಬಂದಾಗ ಬೆದರುವುದೂ ನಿಜ. ಅದಕ್ಕೆ ಉಪಾಯ ಕಷ್ಟದ್ದಲ್ಲ. ಗಾಳಿಯಾಡುವ ಬುಟ್ಟಿಯಲ್ಲಿ ತಂದು, ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಅದರ ಹಾಸಿಗೆ, ನೀರು, ಮರಳಿನ ತಟ್ಟೆಯೊಡನೆ ಇರಿಸಿ, ಎರಡು ಮೂರು ವಾರ ಹೊರಗೆ ಬಿಡದಿದ್ದರೆ ಹೊಸ ಜಾಗದ ವಾಸನೆ ಅದಕ್ಕೆ ತನ್ನದಾಗುತ್ತದೆ. ಕಿಟಕಿ, ಬಾಲ್ಕನಿಗೆ ಜಾಳಿಗೆ ಬಡಿಸಬೇಕು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆಂದು ನಂಬಿ ಮೂರನೆಯ ಮಹಡಿಯ ಕಿಟಕಿ ತೆರೆದಿಡುವುದು ಬೇಡ. ಕಾಲ ಮೇಲೆ ಬಿದ್ದರೂ ದವಡೆ, ಎದೆಗೂಡು, ಕಾಲುಮೂಳೆ ಮುರಿಯಬಹುದು. ಇಷ್ಟನ್ನು 2018ರಲ್ಲಿ ಯಾರಾದರೂ ನನಗೆ ಹೇಳಿದ್ದರೆ ಎಂದು ಬರೆಯಹೊರಟೆ. ಹೊಡೆದು ಹಾಕಿದೆ. ಕೇಳಿದ್ದರೆ ತಾನೇ ಹೇಳುವುದು?

ಎರಡನೆಯ ತಕರಾರು ನಮ್ಮ ಪ್ರೀತಿಯ ಮೇಲೆ. ದೂರ ಬಿಡುವವರನ್ನು ಬೈದು, ಸಾಕುವವರನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಬೆಕ್ಕು ಸಾಕುವುದೆಂದರೆ ಬೆಳಗ್ಗೆ ಒಂದು ಬಟ್ಟಲು ಹಾಲು, ರಾತ್ರಿ ಉಳಿದ ಮೊಸರನ್ನ. "ನಮ್ಮ ಬೆಕ್ಕು ಶುದ್ಧ ಸಸ್ಯಾಹಾರಿ" ಎಂದು ಹೆಮ್ಮೆಪಡುವವರನ್ನೂ ಕಂಡಿದ್ದೇನೆ. ನಾನೂ ಸಸ್ಯಾಹಾರಿಗಳ ಮನೆಯವನೇ. ಆದರೆ ಬೆಕ್ಕು ನಮ್ಮ ಗೋತ್ರಕ್ಕೆ ಸೇರಿದ್ದಲ್ಲ. ಟಾರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಇರುವುದು ಮಾಂಸ, ಮೀನುಗಳಲ್ಲಿ. ಇದರ ಕೊರತೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲೂ, ಹೃದಯದ ಸ್ನಾಯು ಸಡಿಲವಾಗಿ ಸಾಯುತ್ತದೆಂದು 1987ರಲ್ಲೂ ವಿಜ್ಞಾನಿಗಳು ಪ್ರಕಟಿಸಿದರು. ಗಜ್ಜರಿಯ ಹಳದಿ ಬಣ್ಣದಿಂದ ನಾವು ಎ ವಿಟಮಿನ್ ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಅದೂ ಆಗದು. ಮೊಸರನ್ನ ತಿಂದು ನಿಧಾನವಾಗಿ ಕುರುಡಾಗುವ ಬೆಕ್ಕನ್ನು "ಸಾಧು" ಎಂದು ಕರೆದರೆ ಅದು ಪ್ರೀತಿಯೇ?

ಹಾಲಿನ ವಿಷಯವೂ ಹೀಗೆಯೇ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಕೃಷ್ಣದೇವರಾಯ ಬೆಕ್ಕು ಸಾಕಲು ಹಸು ಕೊಟ್ಟ. ರಾಮಕೃಷ್ಣ ಕುದಿಯುವ ಹಾಲನ್ನು ಮುಂದಿಟ್ಟು, ಹಾಲೆಂದರೆ ಓಡುವ ಬೆಕ್ಕನ್ನು ತಯಾರು ಮಾಡಿ, ಹಾಲನ್ನೆಲ್ಲ ತಾನೇ ಕುಡಿದ. ತಲೆತಲಾಂತರದಿಂದ ಮಕ್ಕಳಿಗೆ ಈ ಕಥೆ ಹೇಳಿ ರಾಮಕೃಷ್ಣನ ಜಾಣತನಕ್ಕೆ ನಗುತ್ತ ಬಂದಿದ್ದೇವೆ. ಸುಟ್ಟುಹೋದ ಆ ನಾಲಿಗೆಯ ಬಗ್ಗೆ ಯಾವ ಮಗುವಾದರೂ ಕೇಳಿದರೆ "ಅದು ಬರೀ ಕಥೆ, ಮಲಗು" ಎನ್ನುತ್ತೇವೆ. ಕಥೆಯ ಬೆಕ್ಕಿಗೆ ತಣ್ಣನೆ ಹಾಲು ಕೊಟ್ಟಿದ್ದರೂ ದೊಡ್ಡ ಉಪಕಾರವಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ತಾಯಿಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಆಮೇಲೆ ಹಾಸಿಗೆ ಕೆಡಿಸಿತೆಂದು ಅದಕ್ಕೇ ಪೊರಕೆ ಏಟು.

"ಹಾಗಾದರೆ ನಮ್ಮ ಅಡುಗೆಮನೆಯಲ್ಲಿ ಮೀನು ಬೇಯಿಸಬೇಕೇ?" ಎಂದು ತಾಯಂದಿರು ಸಿಟ್ಟಾಗಬಹುದು. ಬೇಡ. ಟಾರಿನ್ ಸೇರಿಸಿದ ಬೆಕ್ಕಿನ ಆಹಾರ ಈಗ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಬಾಲ್ಕನಿಯಲ್ಲಿ ಅದಕ್ಕೆಂದೇ ಒಂದು ಬಟ್ಟಲಿಟ್ಟರೆ ಮಡಿಗೆ ಭಂಗವಿಲ್ಲ. ಎರಡು ಬೆಕ್ಕಿಗೆ ಊಟ, ಮರಳು ಸೇರಿ ನನಗೆ ತಿಂಗಳಿಗೆ ಸುಮಾರು 2000 ರೂಪಾಯಿ ಆಗುತ್ತದೆ. ಗುಮಾಸ್ತನಿಗೆ ಇದು ಸಣ್ಣ ಖರ್ಚಲ್ಲ. ಆದ್ದರಿಂದಲೇ ಹೇಳುತ್ತೇನೆ, ಇದನ್ನು ಮಾಡಲಾಗದವರು, ಮಾಡಲು ಮನಸ್ಸಿಲ್ಲದವರು ಬೆಕ್ಕು ಸಾಕದಿರುವುದೇ ಮೇಲು. ಸಾಕದವನು ಯಾರಿಗೂ ಅನ್ಯಾಯ ಮಾಡಿದಂತಲ್ಲ. ಸಾಕಿ ಬಿಡುವವನು ಮಾಡುತ್ತಾನೆ.

ಮೂರನೆಯದು ಸಂತಾನದ ವಿಷಯ. ಇಲ್ಲಿ ನಮ್ಮವರಿಗೆ ಇದ್ದಕ್ಕಿದ್ದಂತೆ ಪ್ರಕೃತಿಯ ಮೇಲೆ ಭಕ್ತಿ ಉಕ್ಕುತ್ತದೆ. "ಆಪರೇಷನ್ ಮಾಡಿಸುವುದೇ? ಮೂಕಪ್ರಾಣಿಗೆ ಅಂಥ ಅನ್ಯಾಯವೇ?" ಎನ್ನುತ್ತಾರೆ. ಸ್ವಾಮಿ, ಲೆಕ್ಕ ಹಾಕಿ ನೋಡಿ. ಹೆಣ್ಣು ಬೆಕ್ಕು ಆರು ತಿಂಗಳ ಆಸುಪಾಸಿನಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ಬೆದೆಗೆ ಬರುತ್ತದೆ. ಗರ್ಭ ಸುಮಾರು 63ರಿಂದ 65 ದಿನ. ವರ್ಷಕ್ಕೆ ಎರಡು ಮೂರು ಸಲ ಈಯಬಹುದು. ಒಂದು ಸೂಲಿಗೆ ನಾಲ್ಕು ಮರಿ ಎಂದಿಟ್ಟುಕೊಂಡರೂ ವರ್ಷಕ್ಕೆ ಎಂಟು. ಆ ಎಂಟರಲ್ಲಿ ಹೆಣ್ಣು ಮರಿಗಳು ಮರುವರ್ಷ ತಾಯಂದಿರು. ನಿಮ್ಮ ಎರಡು ಕೋಣೆಯ ಮನೆಗೆ ಈ ಗಣಿತ ಎಷ್ಟು ದಿನ ಹಿಡಿಸುತ್ತದೆ? ಹಿಡಿಸದ ದಿನ ಗೋಣಿಚೀಲ ಹೊರಬರುತ್ತದೆ. ಮಿತ್ರರು ಯಮುನೆಯ ಆಚೆ ಬಿಟ್ಟ ಮೂರು ಮರಿಗಳು ಆಕಾಶದಿಂದ ಬಿದ್ದವಲ್ಲ. ತಾಯಿಗೆ ನಾಲ್ಕೈದು ತಿಂಗಳಾದಾಗಲೇ ಪಶುವೈದ್ಯರ ಹತ್ತಿರ ಒಂದು ಬೆಳಗ್ಗೆ ಹೋಗಿದ್ದರೆ ಚೀಲಕ್ಕೆ ಕೆಲಸವಿರುತ್ತಿರಲಿಲ್ಲ. ಅರಿವಳಿಕೆ ಕೊಟ್ಟು ಮಾಡುವ ಒಂದು ಶಸ್ತ್ರಕ್ರಿಯೆ ಕ್ರೂರ. ಕಣ್ಣು ಸರಿಯಾಗಿ ಬಿಡದ ಮರಿಗಳನ್ನು ನದಿಯ ಮರಳಿನಲ್ಲಿ ಬಿಡುವುದು ಪ್ರಕೃತಿ! ಇಂಥ ತರ್ಕ ನನಗಂತೂ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ಇನ್ನು ಬೆಕ್ಕಿನ ಉಪದ್ರವದ ಮಾತು. ಬೆಕ್ಕು ಸಾಧುವೆಂದು ನಾನು ಸುಳ್ಳು ಹೇಳಲಾರೆ. ಗೌರಿಯನ್ನು ಕಳೆದುಕೊಂಡ ಎರಡು ವರ್ಷದ ಮೇಲೆ ಕಚೇರಿಯ ಸೈಕಲ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಂದು ಕರಿಯ ಗಂಡು ಮರಿ, ಅದರ ಬೆನ್ನಿಗೇ ಬಂದ ಒಂದು ತ್ರಿವರ್ಣದ ಹೆಣ್ಣು ಈಗ ನಮ್ಮಲ್ಲಿವೆ. ಕರಿಯ ಮತ್ತು ಸುಬ್ಬಿ. ಬೆಳಗಿನ ನಾಲ್ಕಕ್ಕೆ ಸುಬ್ಬಿ ನನ್ನ ಎದೆಯ ಮೇಲೆ ಹತ್ತಿ ಗದ್ದ ಕೆರೆಯುತ್ತಾಳೆ. ಸೋಫಾದ ಒಂದು ತೋಳು ಈಗ ತೆಂಗಿನ ನಾರಿನಂತಿದೆ. ಪಾರಿವಾಳದ ರೆಕ್ಕೆಯೊಂದನ್ನು ದೇವರ ಮಣೆಯ ಮುಂದೆ ನೈವೇದ್ಯದಂತೆ ತಂದಿಟ್ಟದ್ದೂ ಉಂಟು. ಕರಿಯನ ಬಣ್ಣ ನೋಡಿ ನೆಂಟರು, "ಬೆಳಗ್ಗೆ ಎದ್ದು ಅಡ್ಡ ಬಂದರೆ ಗತಿಯೇನು?" ಎಂದು ಕೇಳುತ್ತಾರೆ. ಇಲಾಖಾ ಪರೀಕ್ಷೆಯ ದಿನ ಅವನು ಅಡ್ಡ ಬಂದದ್ದು ನಿಜ, ನಾನು ಫೇಲಾದದ್ದೂ ನಿಜ. ಆದರೆ ಅವನು ದಿನವೂ ಅಡ್ಡ ಬರುತ್ತಾನೆ. ನಾನು ಓದದೆ ಹೋದದ್ದು ಆ ಸಲ ಮಾತ್ರ.

ಒಂದು ಚಳಿಗಾಲದಲ್ಲಿ ಕರಿಯ ಕಂಡಕಂಡಲ್ಲಿ ಮೂತ್ರ ಮಾಡತೊಡಗಿದ. ಹಾಸಿಗೆ, ಶೂ, ಕೊನೆಗೆ ನಾನು ಸಹಿಗಾಗಿ ಮನೆಗೆ ತಂದಿದ್ದ ನಾಮಿನಿ ಫಾರಮು. ನನ್ನ ತಾಳ್ಮೆ ಮುಗಿಯಿತು. ಮನೆಯಲ್ಲಿ ಆ ರಾತ್ರಿ "ಬಿಟ್ಟು ಬರೋಣ" ಎಂಬ ಮಾತು ಮತ್ತೆ ಬಂತು, ಬಂದದ್ದು ನನ್ನ ಬಾಯಿಂದಲೇ. ಈ ಸಲ ಶ್ರೀಮತಿ ಸುಮ್ಮನಿರಲಿಲ್ಲ. "ಒಂದು ಸಲ ಬಿಟ್ಟು ಬಂದಿದ್ದೀರಲ್ಲ, ಸಾಲದೇ?" ಎಂದಳು. ಮಾರನೆಯ ದಿನ ರಜೆ ಹಾಕಿ ಪಶು ಆಸ್ಪತ್ರೆಗೆ ಒಯ್ದೆ. ಮೂತ್ರನಾಳ ಕಟ್ಟುತ್ತ ಬಂದಿತ್ತು. ಗಂಡು ಬೆಕ್ಕುಗಳಲ್ಲಿ ಇದು ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ ಎಂದರು ವೈದ್ಯರು. ನಾನು ಕೊಬ್ಬು ಎಂದು ತಿಳಿದದ್ದು ನೋವು. ಬೆಕ್ಕಿಗೆ ಅರ್ಜಿ ಬರೆಯಲು ಬಾರದು. ಅದಕ್ಕೆ ತಿಳಿದ ರೀತಿಯಲ್ಲಿ ನನ್ನ ಫಾರಮಿನ ಮೇಲೆಯೇ ಬರೆದಿತ್ತು. ಮರಳಿನ ತಟ್ಟೆ ಗಲೀಜಾಗಿದ್ದರೂ, ಮನೆಗೆ ಹೊಸಬರು ಬಂದು ಬೆದರಿದ್ದರೂ ಹೀಗೆ ಮಾಡುವುದುಂಟು. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಬೆಕ್ಕು ಇದ್ದಕ್ಕಿದ್ದಂತೆ ಕೆಟ್ಟದಾಗಿ ನಡೆದುಕೊಂಡರೆ ಮೊದಲು ವೈದ್ಯರನ್ನು ಕೇಳುವುದು, ಬೈಯುವುದು ಆಮೇಲೆ.

ಅಜ್ಞಾನದಿಂದ ಕೊಲ್ಲುವವರೂ ನಾವೇ. ಜ್ವರ ಬಂದಿದೆಯೆಂದು ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ನಮಗೆ ಮದ್ದಾಗುವ ಅದು ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ. ನೆಲ ಒರೆಸುವ ಫಿನಾಯಿಲೂ ಹಾಗೆಯೇ. ಬೆಕ್ಕು ಆ ನೆಲದ ಮೇಲೆ ನಡೆದು ಅಂಗಾಲು ನೆಕ್ಕುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಅನ್ನವೂ ಅದರ ರಕ್ತಕ್ಕೆ ಕೇಡು.

ಬೆಕ್ಕು ಬೇಡವೆನ್ನುವ ನೆರೆಯವರ ಪರವಾಗಿಯೂ ಎರಡು ಮಾತು ಹೇಳದಿದ್ದರೆ ಈ ವಾದ ಏಕಪಕ್ಷೀಯವಾದೀತು. ಸಾಕುಪ್ರಾಣಿಯನ್ನು ಇಡಲೇಬಾರದೆಂದು ನಿವಾಸಿ ಸಂಘಗಳು ನಿಷೇಧ ಹಾಕುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ. ಆದರೆ ಆ ಕಾಗದವನ್ನು ಹಿಡಿದುಕೊಂಡು ಎದುರು ಮನೆಯವರ ತುಳಸಿ ಕುಂಡದಲ್ಲಿ ನಮ್ಮ ಬೆಕ್ಕು ಗುಂಡಿ ತೋಡುವುದನ್ನು ಸಮರ್ಥಿಸಲಾಗದು. ಮರಳಿನ ತಟ್ಟೆಯನ್ನು ದಿನವೂ ಚೊಕ್ಕಟ ಮಾಡಬೇಕು. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೋಪ್ಲಾಸ್ಮ ಎಂಬ ಪರೋಪಜೀವಿ ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ಎಸೆದರೆ ಅಪಾಯ ಬಹಳ ಕಡಿಮೆ. ಗರ್ಭಿಣಿಯರಿರುವ ಮನೆಯಲ್ಲಿ ಈ ಕೆಲಸ ಗಂಡಸರದು. ರೇಬೀಸ್ ಚುಚ್ಚುಮದ್ದು ಬೆಕ್ಕಿಗೂ ಹಾಕಿಸಲೇಬೇಕು. ಬೆಕ್ಕು ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಅರಿಸಿನ ಹಚ್ಚಿ ಸುಮ್ಮನಿರಬಾರದು. ಮೆಟ್ಟಿಲ ಮೇಲೆ ಅನ್ನ ಸುರಿದು ಪುಣ್ಯ ಕಟ್ಟಿಕೊಂಡು, ಇರುವೆ ಗಲೀಜನ್ನು ಕೆಳಮನೆಯವರಿಗೆ ಬಿಡುವ ಬೆಕ್ಕುಪ್ರಿಯರೂ ಗೋಣಿಚೀಲ ಹೊರುವವರನ್ನು ಹೆಚ್ಚಿಸುತ್ತಾರೆ.

ಕೊನೆಗೆ, ನಮ್ಮಂಥವರ ನಿಜವಾದ ಕಷ್ಟ. ನಾವು ಊರು ಬಿಟ್ಟು ಬಂದವರು. ಮೇ ತಿಂಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮೂರು ವಾರ ಮನೆಗೆ ಬೀಗ. ವರ್ಗವಾದರೆ ಕೈಯಲ್ಲಿ ಆರ್ಡರು, ಹದಿನೈದು ದಿನದಲ್ಲಿ ಗಂಟುಮೂಟೆ. ಬೆಕ್ಕುಗಳು ಬೀದಿಗೆ ಬೀಳುವುದು ಹೆಚ್ಚಾಗಿ ಆಗಲೇ. ಏಳನೆಯ ವೇತನ ಆಯೋಗದ ನಂತರದ 2017ರ ಆದೇಶದಂತೆ, ನನ್ನ ದರ್ಜೆಯ ನೌಕರ ವರ್ಗವಾದಾಗ 1500 ಕಿಲೋ ಸಾಮಾನು ಸಾಗಿಸಲು ಸರ್ಕಾರ ಹಣ ಕೊಡುತ್ತದೆ. 1500 ಕಿಲೋದಲ್ಲಿ ನಾಲ್ಕು ಕಿಲೋ ಬೆಕ್ಕಿಗೆ ಜಾಗವಿಲ್ಲವೆಂದು ಯಾವ ನಿಯಮದಲ್ಲಿ ಬರೆದಿದೆ? ನಿಯಮದಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ.

ಮೂರು ವಾರದ ರಜೆಗೆ ಉಪಾಯ ಇನ್ನೂ ಸುಲಭ. ಬೆಕ್ಕನ್ನು ಬೇರೆ ಕಡೆ ಒಯ್ಯುವುದಕ್ಕಿಂತ ಅದರ ಮನೆಯಲ್ಲೇ ಇರಿಸಿ, ನಂಬಿಕಸ್ಥರೊಬ್ಬರು ದಿನಕ್ಕೆ ಎರಡು ಸಲ ಬಂದು ಊಟ, ನೀರು, ಮರಳು ನೋಡಿಕೊಂಡರೆ ಸಾಕು. ಇಂಥ ನಂಬಿಕಸ್ಥರು ಎಲ್ಲಿ ಸಿಗುತ್ತಾರೆ? ಈ ಸಂಘದಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಗಬೇಕು? ನಾವು ಒಬ್ಬರಿಗೊಬ್ಬರು ಉಪ್ಪಿನಕಾಯಿ ಜಾಡಿ ಕೊಡುತ್ತೇವೆ, ಮಕ್ಕಳ ಜಾತಕ ಕೊಡುತ್ತೇವೆ, ಮನೆಯ ಬೀಗದ ಕೈ ಕೊಡುವುದು ಅಷ್ಟು ಕಷ್ಟವೇ? ಸಂಪಾದಕರಲ್ಲಿ ನನ್ನ ಅರಿಕೆ ಇಷ್ಟು. ಪತ್ರಿಕೆಯ ಹಿಂಬದಿಯಲ್ಲಿ ವಧೂವರರ ಪಟ್ಟಿಯ ಪಕ್ಕದಲ್ಲಿ ನಾಲ್ಕು ಸಾಲಿನ ಜಾಗ ಕೊಡಿ. ಯಾವ ಕಾಲೋನಿಯವರು ಯಾವಾಗ ಊರಿಗೆ ಹೋಗುತ್ತಾರೆ, ಬೆಕ್ಕು ನಾಯಿಗಳನ್ನು ನೋಡಿಕೊಳ್ಳಲು ಯಾರು ಸಿದ್ಧರಿದ್ದಾರೆ, ಯಾರ ಮನೆಯ ಮರಿಗೆ ಆಶ್ರಯ ಬೇಕು ಎಂಬುದನ್ನು ಸಂಘದ ಕಚೇರಿಗೆ ತಿಳಿಸಿದರೆ ಅಲ್ಲಿಂದ ಹೊಂದಿಸಬಹುದು. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಈ ಬೇಸಿಗೆಯಲ್ಲಿ ನಾನು ರಜೆ ಹಾಕುತ್ತಿಲ್ಲ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮಲ್ಲಿ ಮಾತಿದೆ. ಶ್ರೀವೈಷ್ಣವರು ಭಗವಂತನ ಕೃಪೆಗೆ ಮಾರ್ಜಾಲ ಕಿಶೋರ ನ್ಯಾಯವೆಂದು ದೃಷ್ಟಾಂತ ಕೊಡುವುದು ಈ ತಾಯಿ ಬೆಕ್ಕನ್ನೇ. ಮರಿ ಏನೂ ಮಾಡಬೇಕಿಲ್ಲ. ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದೊಂದೇ ಮರಿಯನ್ನು ಒಯ್ದು, ಕೊನೆಯದನ್ನು ಮುಟ್ಟಿಸಿದ ಮೇಲೂ ಹಳೆಯ ಜಾಗಕ್ಕೆ ಇನ್ನೊಂದು ಸಲ ಬಂದು ಮೂಸಿ ನೋಡಿ ಹೋಗುತ್ತದೆ. ಏನೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಅದು ಮನೆ ಬಿಡುವುದು.

ನಾವೂ ಏಳು ಮನೆ ತಿರುಗುವ ಜಾತಿಯವರೇ. ಮುಂದಿನ ಸಲ ಟೆಂಪೋ ಹೊರಡುವ ಮುನ್ನ ಒಂದು ಸಲ ಇಳಿದು, ಹಿಂದಿನ ಅಂಗಳಕ್ಕೆ ಹೋಗಿ ನೋಡಿ ಬನ್ನಿ. ನಾನು ನೋಡಲಿಲ್ಲ.